ಎರಡು ರಾಶಿ, ಒಂದು ತಾಡಪತ್ರಿ

ಸೋಯಾ ಹಾಲು ಕಟ್ಟದೆ ಕೂತ ಬೆಳಿಗ್ಗೆ ನಾನು ಮೊದಲು ಬೈದದ್ದು ಉಪ್ಪಿಗೆ. ತೋಫು ಎನ್ನುವ ಸೋಯಾ ಪನ್ನೀರು ಮಾಡುವವರು ಹಾಲು ಕಟ್ಟದಿದ್ದರೆ ಮೊದಲು ಉಪ್ಪನ್ನೇ ಬೈಯುವುದು, ಅದಕ್ಕೆ ಬಾಯಿಲ್ಲವಲ್ಲ. ರಾಣೆಬೆನ್ನೂರಿನ ರೈಲ್ವೆ ಸ್ಟೇಷನ್ ಹಿಂದಿನ ಶೆಡ್ಡಿನಲ್ಲಿ ನಮ್ಮ ಘಟಕ. ಎರಡು ಕುದಿಸುವ ಹಂಡೆ, ಒಂದು ಒತ್ತುವ ಯಂತ್ರ, ನಾಲ್ಕು ಜನ ಹೆಂಗಸರು, ಸದಾ ಫೋನ್ ಕಿವಿಗೆ ಹಚ್ಚಿಕೊಂಡಿರುವ ಮಾಲೀಕರು, ಮತ್ತು ಗುಣಮಟ್ಟ ನೋಡಿಕೊಳ್ಳುವ ನಾನು. ಗುಣಮಟ್ಟ ನೋಡಿಕೊಳ್ಳುವುದೆಂದರೆ ಎಲ್ಲರ ಮೇಲೂ ರೇಗುವುದು ಎಂದು ಆ ಹೆಂಗಸರು ನನ್ನ ಬೆನ್ನ ಹಿಂದೆ ಹೇಳುತ್ತಾರೆ, ಮುಂದೆಯೂ ಹೇಳುತ್ತಾರೆ.

ಕೆಲಸ ನೋಡಲು ಸುಲಭ. ನೆನೆದ ಸೋಯಾ ಕಾಳನ್ನು ರುಬ್ಬಿ, ಸೋಸಿ, ಹಾಲು ಕುದಿಸಬೇಕು. ಕುದಿ ಇಳಿದು ಹದವಾದ ಬಿಸಿಗೆ ಬಂದಾಗ ನೀರಲ್ಲಿ ಕರಗಿಸಿದ ಮೆಗ್ನೀಷಿಯಂ ಉಪ್ಪನ್ನು ಸುರಿದು, ಒಂದೇ ದಿಕ್ಕಿಗೆ ಕೈಯಾಡಿಸಿ, ಮುಚ್ಚಿ ಬಿಡಬೇಕು. ಮುಚ್ಚಳ ತೆಗೆದಾಗ ಗಿಣ್ಣದ ಹಾಗೆ ಗಟ್ಟಿಯಾದ ಗಡ್ಡೆ, ಸುತ್ತ ತಿಳಿ ಹಳದಿ ನೀರು ಇರಬೇಕು. ಆ ದಿನ ಇದ್ದದ್ದು ಬೆಳ್ಳಗಿನ ಗಂಜಿ. ಬಟ್ಟೆಯಲ್ಲಿ ಕಟ್ಟಿ ಒತ್ತಿದರೆ ಅರ್ಧ ಸೋರಿಹೋಯಿತು, ಉಳಿದದ್ದನ್ನು ಕತ್ತರಿಸಲು ಹೋದರೆ ಚಾಕುವಿಗೇ ಅಂಟಿಕೊಂಡಿತು.

ಉಪ್ಪು ಬದಲಿಸಿದೆವು. ಮರುದಿನ ನೀರು ಬದಲಿಸಿದೆವು. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿದೆ. ಬಿಸಿ ನೋಡುವ ಕೋಲು ಸುಳ್ಳು ಹೇಳುತ್ತಿರಬಹುದೆಂದು ಹೊಸದು ತರಿಸಿದೆ. ಹಾಲು ಕಟ್ಟಲಿಲ್ಲ. ಕೊನೆಗೆ ಮೂಲೆಯಲ್ಲಿ ಉಳಿದಿದ್ದ ಹಳೆಯ ಕಾಳಿನ ಅರ್ಧ ಚೀಲವನ್ನು ರುಬ್ಬಿಸಿ ನೋಡಿದರೆ ಏನೂ ಆಗದವರ ಹಾಗೆ ಚೆನ್ನಾಗಿ ಕಟ್ಟಿ ಕೂತಿತು. ತಪ್ಪು ಹೊಸ ಕಾಳಿನದ್ದೇ ಎನ್ನುವುದು ಆಗ ಗೊತ್ತಾಯಿತು.

ನನಗೆ ನಂಬಲಾಗಲಿಲ್ಲ. ಆ ಕಾಳು ಹಾವೇರಿ ಹತ್ತಿರದ ಅಗಡಿಯಿಂದ ಬಂದದ್ದು. ದಪ್ಪ, ದುಂಡಗೆ, ಮಿರಮಿರ ಮಿಂಚುವ ಕಾಳು. ಆರಿಸಿದ್ದು ನಾನೇ. ಪ್ರೋಟೀನ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿಯೇ ಕೊಂಡಿದ್ದೆವು, ಹಳೆಯ ಕಾಳಿಗಿಂತ ಹೆಚ್ಚೇ ಇತ್ತು. ಇತ್ತ ನಮ್ಮ ಪನ್ನೀರು ಹೋಗುತ್ತಿದ್ದದ್ದು ಹಾವೇರಿಯ ಹುಡುಗಿಯರ ಹಾಸ್ಟೆಲ್ ಮೆಸ್ಸಿಗೆ. ಅಲ್ಲಿನ ಅಡುಗೆಯವರು ಫೋನ್ ಮಾಡಿ, "ಮೇಡಂ, ಇದು ಪನ್ನೀರೋ ಉಪ್ಪಿಟ್ಟೋ, ಯಾವುದರಾಗ ಹಾಕೂಣ್ರಿ?" ಎಂದು ಕೇಳಿದರು. ಮಾಲೀಕರು ಫೋನನ್ನು ಕಿವಿಯಿಂದ ತೆಗೆದು ನನ್ನ ಕಡೆ ನೋಡಿದ್ದು ಅವತ್ತೇ.

ಕಾಳನ್ನು ಮತ್ತೆ ಪ್ರಯೋಗಾಲಯಕ್ಕೆ ಕಳಿಸಿದೆ. ಈ ಸಲ ಪ್ರೋಟೀನ್ ಎಷ್ಟು ಎಂದಲ್ಲದೆ ಎಂಥದ್ದು ಎಂದೂ ಕೇಳಿದೆ. ಬಂದ ಉತ್ತರವನ್ನು ಸರಳವಾಗಿ ಹೇಳುವುದಾದರೆ ಹೀಗೆ. ಸೋಯಾ ಗಿಡಕ್ಕೆ ಸಾರಜನಕ ಬೇಕಾದಷ್ಟು ಸಿಕ್ಕು ಗಂಧಕ ಸಿಗದಿದ್ದರೆ ಅದು ಕಾಳು ತುಂಬುವುದನ್ನು ನಿಲ್ಲಿಸುವುದಿಲ್ಲ, ಗಂಧಕ ಬೇಡದ ಅಗ್ಗದ ಜಾತಿಯ ಪ್ರೋಟೀನನ್ನೇ ತುಂಬಿಬಿಡುತ್ತದೆ. ತೂಕ ಬರುತ್ತದೆ, ಲೆಕ್ಕ ಬರುತ್ತದೆ. ಆದರೆ ಆ ಪ್ರೋಟೀನ್ ಹಂಡೆಯಲ್ಲಿ ಗಟ್ಟಿಯಾಗಿ ಕಟ್ಟುವುದಿಲ್ಲ, ತಿಂದವರ ಮೈಗೂ ಅಷ್ಟಾಗಿ ಹತ್ತುವುದಿಲ್ಲ. ಇನ್ನು ರಂಜಕ ಹೆಚ್ಚಾದರೆ ಗಿಡ ಅದನ್ನು ಕಾಳಿನಲ್ಲಿ ಫೈಟೇಟ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಹಂಡೆಯಲ್ಲಿ ಅದು ನಮ್ಮ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೊಟ್ಟೆಯಲ್ಲಿ ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಸ್ಟೆಲ್ ಹುಡುಗಿಯರಿಗೆ ಶಕ್ತಿ ಬರಲಿ ಎಂದು ನಾವು ಕಳಿಸುತ್ತಿದ್ದ ಪನ್ನೀರು ಅವರಿಗೆ ಸಿಗಬೇಕಾದ ಕಬ್ಬಿಣವನ್ನೇ ತಡೆಯುತ್ತಿತ್ತು. ಅದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು.

ಕಾಳಿನ ಯಜಮಾನರನ್ನು ನೋಡಲು ಅಗಡಿಗೆ ಹೋದೆ. ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಹಾವೇರಿ–ಬ್ಯಾಡಗಿ ದಾರಿಯಲ್ಲೇ ಬಹುಪಾಲು ಕೆಲಸ ಮಾಡಿದವರು. ಊರಲ್ಲಿ ಎಲ್ಲರೂ ಅವರನ್ನು ಕಂಡಕ್ಟರ್ ಎಂದೇ ಕರೆಯುವುದು, ಅವರ ಹೆಂಡತಿಯೂ ಸೇರಿ. ಹೊಲ ರಸ್ತೆಗೆ ಹತ್ತಿಕೊಂಡೇ ಇತ್ತು.

"ಬರ್ರಿ ಮೇಡಂ, ಕುಂದ್ರಿ. ನನ್ನ ಕಾಳು ಹೆಂಗೈತಿ? ಇಡೀ ಅಗಡ್ಯಾಗ ಅಂಥಾ ಕಾಳು ತೋರಿಸ್ರಿ ನೋಡೂಣು."

"ಕಾಳು ಚಂದ ಐತ್ರಿ. ಪನ್ನೀರು ಆಗವಲ್ದು."

ಅವರ ಮುಖ ಸಣ್ಣದಾಯಿತು. ಏನೇನು ಗೊಬ್ಬರ ಹಾಕಿದ್ದೀರಿ ಎಂದು ಕೇಳಿದೆ. ಬಿತ್ತುವಾಗ ರಂಜಕ ತುಂಬಿದ ಡಿಎಪಿ, ಹೇಳಿದ್ದಕ್ಕಿಂತ ಕೈ ತುಂಬ ಹೆಚ್ಚು. ಹೂ ಬಿಡುವಾಗ ಯೂರಿಯಾ. ಕಾಯಿ ಕಟ್ಟುವಾಗ ಮತ್ತೊಮ್ಮೆ ಯೂರಿಯಾ. ಸೋಯಾ ಗಿಡ ಬೇರಿನ ಗಂಟುಗಳಲ್ಲಿ ತನಗೆ ಬೇಕಾದ ಸಾರಜನಕವನ್ನು ತಾನೇ ಗಾಳಿಯಿಂದ ಮಾಡಿಕೊಳ್ಳುತ್ತದೆ, ಅದಕ್ಕೆ ಇಷ್ಟು ಯೂರಿಯಾ ಯಾರು ಹಾಕಲು ಹೇಳಿದರು ಎಂದು ದನಿ ಏರಿಸಿದೆ.

"ಯಾರೂ ಹೇಳಿಲ್ರಿ. ಬ್ಯಾಡಗಿ ಬಸ್ಸಿನ್ಯಾಗ ಮೆಣಸಿನಕಾಯಿ ಬೆಳ್ಯಾವ್ರನ್ನ ಕರಕೊಂಡು ತಿರುಗ್ಯಾಡೇನಿ. ಅವರ ಮಾತು ಕೇಳಿ ಕೇಳಿ ಕಲ್ತೇನಿ. ಮೆಣಸಿನ ಗಿಡಕ್ಕ ಬಾಣಂತಿಗೆ ಉಣಿಸಿದಂಗ ಉಣಸ್ತಾರ್ರೀ ಅವರು. ಹೊಲಾ ಕರ್ರಗ ಕಾಣಬೇಕು, ಹಾದ್ಯಾಗ ಹೋಗಾವ್ರು ನಿಂತು ನೋಡಬೇಕು. ಉಣಿಸಿದ್ದು ತಪ್ಪೇನ್ರಿ?"

ಮೆಣಸಿನ ಗಿಡ ಉಣ್ಣುವ ಹಾಗೆ ಸೋಯಾ ಗಿಡ ಉಣ್ಣುವುದಿಲ್ಲ ಎಂದು, ಫೈಟೇಟಿನ ಮಾತನ್ನೂ ಸೇರಿಸಿ, ತಿಳಿಸಿ ಹೇಳಿದೆ. ಅವರ ತಂದೆ ಏನು ಹಾಕುತ್ತಿದ್ದರು ಎಂದು ಕೇಳಿದಾಗ ಸೆಗಣಿ ಗೊಬ್ಬರ, ಮತ್ತೆ ಸೂಪರ್ ಚೀಲ ಎಂದರು. ಸೂಪರ್ ಫಾಸ್ಫೇಟಿನಲ್ಲಿ ಗಂಧಕವೂ ಇರುತ್ತದೆ, ಡಿಎಪಿಯಲ್ಲಿ ಇರುವುದಿಲ್ಲ. ಸೂಪರ್ ಬಿಟ್ಟು ಡಿಎಪಿ ಹಿಡಿದಾಗ ಹೊಲಕ್ಕೆ ಗಂಧಕ ನಿಂತುಹೋದದ್ದು ಇಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಗಿಡ ಹಸಿರಾಗಿಯೇ ಇತ್ತು, ಕಾಳು ದಪ್ಪವಾಗಿಯೇ ಇತ್ತು, ಯಾರಾದರೂ ಯಾಕೆ ಗಮನಿಸಬೇಕು?

ಮುಂಗಾರಿಗೆ ಒಂದು ಒಪ್ಪಂದಕ್ಕೆ ಬಂದೆವು. ಅದೇ ಹೊಲ, ಅದೇ ಬೀಜ. ಅರ್ಧದಲ್ಲಿ ಅವರ ಪದ್ಧತಿ. ಇನ್ನರ್ಧದಲ್ಲಿ ಸೆಗಣಿ ಗೊಬ್ಬರ, ಅಳತೆಯ ಸೂಪರ್, ಗಂಧಕಕ್ಕೆಂದು ಜಿಪ್ಸಂ, ಯೂರಿಯಾ ಮುಟ್ಟುವಂತಿಲ್ಲ. ಒಂದೇ ಷರತ್ತು ಅವರದ್ದು, ನನ್ನ ಅರ್ಧ ರಸ್ತೆಯ ಕಡೆ ಇರಬಾರದು. "ಮಂದಿ ನೋಡಿದ್ರ ಕಂಡಕ್ಟರಗ ಗೊಬ್ಬರ ತರಾಕ ಗತಿ ಇಲ್ಲೇನು ಅಂತಾರ್ರೀ." ಮಾಲೀಕರೂ ಒಂದು ಮಾತು ಕೊಟ್ಟರು. ಜಿಪ್ಸಂ ಅರ್ಧದ ಕಾಳು ದೊಡ್ಡ ಹಂಡೆಯಲ್ಲಿ ಸರಿಯಾಗಿ ಕಟ್ಟಿದರೆ ಇನ್ನು ಮುಂದೆ ನಮ್ಮ ಘಟಕದ ಕಾಳೆಲ್ಲ ಅಗಡಿ, ಕರ್ಜಗಿ ಕಡೆಯಿಂದಲೇ, ಇದೇ ರೀತಿ ಬೆಳೆದದ್ದೇ. ಕಟ್ಟದಿದ್ದರೆ ಹೊರಗಿನ ದಲ್ಲಾಳಿಯ ಲಾರಿಗೆ ಹೇಳಿಬಿಡುತ್ತೇನೆ ಎಂದರು. ಇದು ತಿಳಿದು ಕರ್ಜಗಿಯ ಕೆಲವು ರೈತರು, ಕಂಡಕ್ಟರ್ ಕಾಳು ಪಾಸಾಗಲಿ, ಆಮೇಲೆ ನಾವೂ ಹಾಗೇ ಬಿತ್ತುತ್ತೇವೆ ಎಂದು ಕಾದು ಕೂತರು.

ಬಿತ್ತನೆಯ ಹಿಂದಿನ ಸಂಜೆ ಬೀಜಕ್ಕೆ ಬೆಲ್ಲದ ತೆಳು ಪಾಕ ಚಿಮುಕಿಸಿ, ಬೇರಿನಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮಜೀವಿಯ ಪುಡಿ ಬೆರೆಸಿ, ನೆರಳಲ್ಲಿ ಹರವಿದೆವು. ಗಿಡ ಮೊಣಕಾಲೆತ್ತರ ಬಂದಾಗ ಎರಡೂ ಕಡೆಯಿಂದ ಒಂದೊಂದು ಕಿತ್ತು ನೋಡಿದೆ. ಡಿಎಪಿ ಕಡೆಯ ಬೇರಿನಲ್ಲಿ ಗಂಟು ಅಲ್ಲೊಂದು ಇಲ್ಲೊಂದು. ಜಿಪ್ಸಂ ಕಡೆಯ ಬೇರಲ್ಲಿ ಗೊಂಚಲು. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ಕೆಂಪು. ಕಂಡಕ್ಟರಿಗೆ ತೋರಿಸಿದೆ. "ರಕ್ತ ಇದ್ದಂಗೈತೆಲ್ರಿ!" ಎಂದು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

ಆದರೂ ಮೇಲ್ನೋಟಕ್ಕೆ ನನ್ನ ಅರ್ಧ ತೆಳು ಹಸಿರು. ರಸ್ತೆಯ ಕಡೆ ಇಡದಿದ್ದರೂ ಊರಿಗೆ ಗೊತ್ತಾಗದೆ ಇರುತ್ತದೆಯೇ? ಚಹಾದಂಗಡಿಯಲ್ಲಿ ಅವರನ್ನು ಕಂಡವರೆಲ್ಲ, ಕಂಡಕ್ಟರ್ ಹೊಲಕ್ಕೂ ಅರ್ಧ ಟಿಕೆಟ್ ಹರಿದಾನ ಎಂದು ಚೇಷ್ಟೆ ಮಾಡತೊಡಗಿದರು. ಅವರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು.

"ಮೇಡಂ, ಒಂದೀಟ ಯೂರಿಯಾ ಒಗೀಲೇನ್ರಿ? ಯಾರಿಗೂ ಹೇಳೂದಿಲ್ಲ."

"ನನಗ ಹೇಳಾಕತ್ತೀರೆಲ್ರಿ ಈಗ!"

"ಖರೇನ ಬ್ಯಾಡೇನ್ರಿ?"

"ಒಂದು ಹಿಡಿನೂ ಬ್ಯಾಡ್ರಿ."

ಅವರು ಹಾಕಲಿಲ್ಲ. ಇದು ದೊಡ್ಡ ಮಾತು. ನಗುವವರ ಮುಂದೆ ದಿನವೂ ಹಾದುಹೋಗಿ, ಮನೆಯಲ್ಲಿ ಯೂರಿಯಾ ಚೀಲ ಇಟ್ಟುಕೊಂಡು, ಆ ಮನುಷ್ಯ ಹಾಕಲಿಲ್ಲ. ನಾನಾಗಿದ್ದರೆ ಒಂದು ಹಿಡಿಯಾದರೂ ಹಾಕುತ್ತಿದ್ದೆನೇನೋ.

ಕಾಯಿ ಬಲಿತು ಎಲೆ ಉದುರಿದಾಗ ಎರಡೂ ಕಡೆಯಿಂದ ಗಿಡ ಕಿತ್ತು, ಕೈಯಲ್ಲೇ ಬಡಿದು, ಒಂದೊಂದು ಸೇರು ಕಾಳು ರಾಣೆಬೆನ್ನೂರಿಗೆ ತಂದು ನನ್ನ ಮನೆಯ ಒಲೆಯ ಮೇಲೇ ಪರೀಕ್ಷೆ ಮಾಡಿದೆ. ಎರಡು ಪಾತ್ರೆ, ಒಂದೇ ನೀರು, ಒಂದೇ ಉಪ್ಪು. ಡಿಎಪಿ ಪಾತ್ರೆಯಲ್ಲಿ ಅದೇ ಗಂಜಿ. ಜಿಪ್ಸಂ ಪಾತ್ರೆಯ ಮುಚ್ಚಳ ತೆಗೆದರೆ ಗಡ್ಡೆ ಅಂಚು ಬಿಟ್ಟು ನಿಂತಿತ್ತು. ಬೆರಳಿಂದ ಒತ್ತಿದೆ, ಹಿಂದಕ್ಕೆ ಎದ್ದಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಎರಡೂ ಕಾಳನ್ನು ಪ್ರಯೋಗಾಲಯಕ್ಕೂ ಕಳಿಸಿದೆ. ಜಿಪ್ಸಂ ಕಾಳಿನಲ್ಲಿ ಗಂಧಕದ ಪ್ರೋಟೀನ್ ಹೆಚ್ಚು, ಫೈಟೇಟ್ ಕಡಿಮೆ ಎಂದು ಅಲ್ಲಿಂದಲೂ ಬಂತು. ಮಾಲೀಕರಿಗೆ ತೋರಿಸಿದರೆ, "ಪಾತ್ರ್ಯಾಗ ಆಗಿದ್ದು ಹಂಡ್ಯಾಗ ಆಗಬೇಕಲ್ಲವಾ? ಹಂಡ್ಯಾಗ ಮಾಡಿ ತೋರ್ಸು," ಎಂದರು. ಅವರು ಹೇಳಿದ್ದೂ ಸರಿಯೇ. ಒಂದು ಸೇರಿನಿಂದ ಹಾಸ್ಟೆಲ್ ನಡೆಯುವುದಿಲ್ಲ.

ಕಂಡಕ್ಟರಿಗೆ ಫೋನ್ ಮಾಡಿ ಪಾತ್ರೆಯ ವಿಷಯ ಹೇಳಿದೆ. "ಅರ್ಧ ಟಿಕೆಟ್ ಅಂದಾವ್ರಿಗೆಲ್ಲಾ ನಿಮ್ಮ ಪನ್ನೀರು ತಿನಿಸ್ತೇನ್ರಿ," ಎಂದರು.

ಇನ್ನು ಉಳಿದದ್ದು ಕೊಯ್ಲು. ಎರಡೂ ಅರ್ಧ ಕಲೆಯದಂತೆ ಕಾಪಾಡುವುದೇ ನನ್ನ ಚಿಂತೆ. ಮೊದಲು ಜಿಪ್ಸಂ ಕಡೆಯದನ್ನು ಒಕ್ಕಿಸಿ, ಒಕ್ಕುವ ಯಂತ್ರದ ಹೊಟ್ಟೆಯೊಳಗೆ ಕಸಬರಿಗೆ ಹಾಕಿ ಗುಡಿಸಿ, ಆಮೇಲೆ ಡಿಎಪಿ ಕಡೆಯದನ್ನು ಒಕ್ಕಿಸಿದೆವು. ಕಾಳಿನಲ್ಲಿ ಇನ್ನೂ ಹಸಿ ಇತ್ತು. ಇಲ್ಲಿ ಎಲ್ಲರೂ ಮಾಡುವಂತೆ ಊರ ಮುಂದಿನ ಡಾಂಬರು ರಸ್ತೆಯ ಅಂಚಿಗೆ ಒಣಹಾಕಿದೆವು. ಮೊದಲು ಜಿಪ್ಸಂ ಕಾಳಿನ ಪಟ್ಟಿ, ನಡುವೆ ಒಂದು ಚಕ್ಕಡಿ ಹೋಗುವಷ್ಟು ಖಾಲಿ, ಅಲ್ಲಿ ಸಾಲಾಗಿ ಕಲ್ಲು, ಆಚೆ ಡಿಎಪಿ ಕಾಳಿನ ಪಟ್ಟಿ. ಎರಡು ದಿನದ ಬಿಸಿಲು ಕಂಡಿತು. ಮೂರನೆಯ ದಿನ ಮಧ್ಯಾಹ್ನ ಚೀಲ ತುಂಬಿಸಲು ನಾನೇ ಹೋದೆ.

ಹಾವೇರಿ ಕಡೆಯಿಂದ ಮೋಡ ಏಳುತ್ತದೆಂದು ಯಾರೂ ಎಣಿಸಿರಲಿಲ್ಲ. ಗಾಳಿ ಬೀಸಿ ಧೂಳು ಏಳುವಷ್ಟರಲ್ಲಿ ಮೊದಲ ಹನಿಗಳು ಬಿದ್ದವು. ರಸ್ತೆಯ ಮೇಲೆ ಕಾಳು ಇರುವಾಗ ಮಳೆ ಬಂದರೆ ಈ ಕಡೆ ಒಂದು ರೂಢಿ ಇದೆ. ಯಾರ ರಾಶಿ ಎಂದು ಯಾರೂ ಕೇಳುವುದಿಲ್ಲ. ಹೊಲದಿಂದ ಬರುತ್ತಿದ್ದವರು ಬುಟ್ಟಿ ಇಳಿಸಿ ಓಡಿ ಬಂದರು. ಚಹಾದಂಗಡಿಯಲ್ಲಿ ಕೂತಿದ್ದವರು, ಅರ್ಧ ಟಿಕೆಟ್ ಎಂದು ನಕ್ಕವರೇ, ಹಲಗೆ ಎತ್ತಿಕೊಂಡು ಬಂದರು. ಬಸ್ಸೊಂದು ನಿಂತಿತು, ಅದರಿಂದಲೂ ಕೆಲವರು ಇಳಿದು ಕಸಬರಿಗೆ ಹಿಡಿದರು. ನನಗೆ ಅವರ ಹೆಸರೂ ಗೊತ್ತಿಲ್ಲ.

"ಬ್ಯಾರೆ ಬ್ಯಾರೆ ಎಳೀರಿ! ಕೂಡಸಬ್ಯಾಡ್ರಿ!" ಎಂದು ನಾನು ಕಿರುಚುತ್ತಾ ಎರಡು ಪಟ್ಟಿಗಳ ನಡುವೆ ಕೈ ಅಗಲಿಸಿ ನಿಂತೆ. ಬೇರೆ ಬೇರೆಯೇ ಎಳೆಯತೊಡಗಿದರು, ಪಾಪ. ಎರಡು ರಾಶಿ ಏಳುತ್ತಿದ್ದವು. ಆಗ ಕಂಡಕ್ಟರ್ ಮನೆಯಿಂದ ರಾಶಿ ಮುಚ್ಚುವ ಪ್ಲಾಸ್ಟಿಕ್ ತಾಡಪತ್ರಿ ಹೊತ್ತು ಓಡಿ ಬಂದರು. ಒಂದೇ. ಇನ್ನೊಂದನ್ನು ಬ್ಯಾಡಗಿಯಿಂದ ಬಂದ ಬೀಗರು ಗೋವಿನಜೋಳ ಮುಚ್ಚಲು ಒಯ್ದಿದ್ದರು. ಅಕ್ಕಪಕ್ಕದವರ ತಾಡಪತ್ರಿಗಳು ಅವರವರ ರಾಶಿಯ ಮೇಲೆ ಬಿದ್ದಾಗಿದ್ದವು. ಇದ್ದ ಒಂದು ತಾಡಪತ್ರಿ ಒಂದು ದೊಡ್ಡ ರಾಶಿಗೆ ಸಾಕು, ದೂರ ದೂರದ ಎರಡು ರಾಶಿಗೆ ಸಾಲದು.

ಕಂಡಕ್ಟರ್ ತಾಡಪತ್ರಿಯ ಒಂದು ತುದಿ ನನ್ನ ಕೈಗೆ ಕೊಟ್ಟರು. ಮಳೆ ಜೋರಾಗುತ್ತಿತ್ತು. ತಮ್ಮ ಕಾಳು, ತಮ್ಮ ಹೊಲ, ಆದರೂ ನನ್ನನ್ನೇ ಕೇಳಿದರು.

"ಏನ್ ಮಾಡೂಣ್ರಿ? ನಿಮ್ಮದೊಂದ ಮುಚ್ಚೂಣೇನು?"

ಹೌದು ಎಂದಿದ್ದರೆ ಮುಚ್ಚುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಅಷ್ಟು ನಂಬಿಕೆ ಇದೆ. ಜಿಪ್ಸಂ ರಾಶಿ ಒಣಗಿಯೇ ಉಳಿಯುತ್ತಿತ್ತು, ಹಂಡೆಗೆ ಹೋಗುತ್ತಿತ್ತು, ಕಟ್ಟುತ್ತಿತ್ತು. ಅವರ ವರ್ಷದ ಬೆಳೆಯ ಉಳಿದರ್ಧ ನಮ್ಮ ಕಣ್ಣೆದುರೇ ನೀರು ಕುಡಿದು ಮೊಳಕೆಯೊಡೆಯುತ್ತಿತ್ತು. ಸುತ್ತಲೂ ಅಷ್ಟು ಜನ ಬೆವರು ಸುರಿಸುತ್ತ ಕಾಳು ಎಳೆಯುತ್ತಿದ್ದರು. ಅವರ ಮುಂದೆ ನಿಂತು, ಇದನ್ನು ಮುಚ್ಚಿ, ಅದನ್ನು ಬಿಡಿ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

"ಕೂಡಿಸಿಬಿಡ್ರಿ," ಎಂದೆ. "ಲಗೂ ಕೂಡಿಸ್ರಿ."

ಕಲ್ಲುಗಳನ್ನು ಕಾಲಿನಿಂದ ಬದಿಗೆ ತಳ್ಳಿದ್ದು ನಾನೇ. ಹಲಗೆಗಳು ಒಂದರ ಹಿಂದೆ ಒಂದು ಬಂದವು, ಡಿಎಪಿ ಕಾಳು ಬಂದು ಜಿಪ್ಸಂ ಕಾಳಿನ ಮೇಲೆ ಬಿತ್ತು. ಎಲ್ಲ ಒಂದೇ ಬಣ್ಣ. ತಾಡಪತ್ರಿ ಎಳೆದು ಅದೇ ಕಲ್ಲುಗಳನ್ನು ಅಂಚಿಗೆ ಹೇರಿದೆವು. ಒಂದು ಕಾಳೂ ಕೆಡಲಿಲ್ಲ. ಎಲ್ಲರೂ ನಗುತ್ತಾ ಚಹಾದಂಗಡಿಯ ತಗಡಿನ ಕೆಳಗೆ ನಿಂತರು, ಕಂಡಕ್ಟರ್ ಎಲ್ಲರಿಗೂ ಚಹಾ ಹೇಳಿದರು. ನಾನು ಮಾತ್ರ ಲೋಟ ಹಿಡಿದು ಆ ಒಂದೇ ರಾಶಿಯನ್ನು ನೋಡುತ್ತಿದ್ದೆ.

ಕಲೆತ ಕಾಳನ್ನೇ ಘಟಕಕ್ಕೆ ತಂದು ದೊಡ್ಡ ಹಂಡೆಯಲ್ಲಿ ಹಾಕಿದೆವು. ನಾನು ಏನೂ ಆಸೆ ಇಟ್ಟುಕೊಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಟ್ಟಿತು, ಆದರೆ ಮೆತ್ತಗೆ. ಕತ್ತರಿಸಿದರೆ ಮೂಲೆಗಳು ಉದುರಿದವು. ಸಾಂಬಾರಿಗೆ ಹಾಕಿದರೆ ಕರಗಿಹೋಗುತ್ತದೆಂದು ಹಾಸ್ಟೆಲ್ ಅಡುಗೆಯವರು ಹಿಂದಕ್ಕೆ ಕಳಿಸಿದರು. ಕಾಳು ಕಲೆತ ಕಥೆ ಹೇಳಿ, ಇನ್ನೊಂದು ವರ್ಷ ಕೊಡಿ ಎಂದು ಮಾಲೀಕರನ್ನು ಕೇಳಿದೆ. ಬೇಡಿಕೊಂಡೆ ಎಂದರೂ ಸರಿಯೇ. ಅವರು ಕೆಟ್ಟವರಲ್ಲ, ಒಂದು ವರ್ಷ ಕಾದಿದ್ದರು.

"ನಿನ್ನ ಮಾತು ಖರೇ ಇರಬಹುದವ್ವಾ. ಆದ್ರ ಖರೇ ಅಂತ ತೋರಿಸೂ ಕಾಳು ಎಲ್ಲೈತಿ?" ಎಂದರು.

ದಲ್ಲಾಳಿಯ ಲಾರಿ ಬಂತು. ಉಳಿದ ಕಾಳನ್ನು ಕಂಡಕ್ಟರ್ ಹಾವೇರಿ ಮಾರುಕಟ್ಟೆಗೆ ಒಯ್ದರು. ವ್ಯಾಪಾರಿ ಒಂದು ಕಾಳು ಕಚ್ಚಿ ಹಸಿ ನೋಡಿ, ಒಳ್ಳೆಯ ಕಾಳು ಎಂದು ಎಲ್ಲರ ದರಕ್ಕೇ ಕೊಂಡನಂತೆ. ಕರ್ಜಗಿಯವರು ಕಾಯುವುದನ್ನು ಬಿಟ್ಟರು. ಮುಂಗಾರಿಗೆ ಅವರೂ ಕಂಡಕ್ಟರೂ ಗೋವಿನಜೋಳ ಬಿತ್ತಿದರು.

ಕೂಡಿಸಿ ಎಂದದ್ದು ತಪ್ಪೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಮತ್ತೆ ಅದೇ ಮಳೆ ಬಂದರೂ ಅದನ್ನೇ ಹೇಳುತ್ತೇನೆ. ಹಾಗಿದ್ದೂ ಹಳಹಳಿ ಹೋಗುವುದಿಲ್ಲ.

ಕಳೆದ ತಿಂಗಳು ಕಂಡಕ್ಟರ್ ಬೀಜದ ಅಂಗಡಿಗೆಂದು ರಾಣೆಬೆನ್ನೂರಿಗೆ ಬಂದವರು ಶೆಡ್ಡಿಗೂ ಬಂದರು. ಪನ್ನೀರು ಆಗತಾನೇ ಒತ್ತಿ ತೆಗೆದಿದ್ದೆವು. ಹೆಬ್ಬೆರಳಿನಿಂದ ಒಂದು ಗಡ್ಡೆಯನ್ನು ಒತ್ತಿ ನೋಡಿದರು.

"ಚಲೋ ಗಟ್ಟಿ ಆಗೇತಿ. ಜಿಪ್ಸಂ ಕಾಳೇನ್ರಿ?"

"ಅಲ್ರಿ. ಉಪ್ಪು ಈಗ ಹೆಚ್ಚಿಗಿ ಹಾಕ್ತೀವಿ."

"ಹಂಗಾರ ಒಳಗಿನ ಆ ಫೈಟೇಟು?"

"ನೋಡಿಸಿಲ್ರಿ. ಈಗ ಮಾಲೀಕರು ಪ್ರೋಟೀನ್ ಒಂದ ನೋಡಿಸ್ತಾರ."

"ಯಾರ ಹೊಲದ್ದು?"

"ಗೊತ್ತಿಲ್ರಿ. ಲಾರಿ ಬರತೈತಿ."

"ಏನ್ ಉಣಿಸಿ ಬೆಳದಾರ?"

"ಅದೂ ಗೊತ್ತಿಲ್ಲ."

ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯದೆ ಕೇಳುವವರ ಹಾಗೆಯೇ ಕೇಳಿದರು.

"ಇಷ್ಟಕ್ಕ ನಡೀತಿತ್ತಂದ್ರ, ನನಗ ಯಾಕ್ರಿ ಅಷ್ಟೆಲ್ಲಾ ಕೇಳಿದ್ರಿ?"

ಒಳಗಿಂದ ಹೆಂಗಸರು ಹಾಸ್ಟೆಲ್ ಡಬ್ಬಿ ತುಂಬೋಣವೇ ಎಂದು ಕೂಗಿದರು. ತುಂಬಿ ಎಂದೆ.